ನಾವು ಹತ್ತದ ರೈಲಿನ ಚಿತ್ರ

ಮನೆಯ ಗೋಡೆಗೆ ಹಳೆಯ ರೈಲ್ವೆ ಚಿತ್ರ ಹಾಕಿಸುವ ಖಯಾಲಿ ಈಗ ಮುಂಬಯಿಯ ಉಪನಗರಗಳಿಗೂ ಬಂದಿದೆ. ನಾನಿರುವ ಮಲಾಡಿನಲ್ಲಿ ಹೊಸದಾಗಿ ಎದ್ದ ಟವರುಗಳ ಹಾಲ್‌ಗಳಲ್ಲಿ, ಕಾಫಿ ಅಂಗಡಿಗಳಲ್ಲಿ, ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಕೂಡ ಅವು ಕಾಣುತ್ತವೆ. ಕಪ್ಪು ಚೌಕಟ್ಟು, ಸುತ್ತ ಎರಡಿಂಚು ಬಿಳಿ ಅಂಚು, ಒಳಗೆ ಹೊಗೆ ಬಿಡುತ್ತ ಬೆಟ್ಟ ಹತ್ತುವ ಪುಟ್ಟ ರೈಲು, ಇಲ್ಲವೇ ಕಮಾನಿನಾಚೆ ಕಾಣುವ ತಾಜಮಹಲು, ಇಲ್ಲವೇ ಅಂಬಾರಿ ಹೊತ್ತ ಆನೆ. ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಊರಿನ ಹೆಸರು ಮತ್ತು ರೈಲ್ವೆಯ ಹೆಸರು. ನೋಡಲು ಚೆಂದ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದವರಿಗೆ ನನಗೆ ಅವು ಹಿಡಿಸುವುದಿಲ್ಲ ಅನ್ನಿಸಬಹುದು. ನನ್ನ ತಕರಾರು ಇರುವುದು ಚಿತ್ರದ ಮೇಲಲ್ಲ, ಅದನ್ನು ಮಾರುವಾಗ ಬಳಸುವ ಒಂದು ಪದದ ಮೇಲೆ.

ಆ ಪದ ನನ್ನ ಮೇಜಿಗೆ ಬಂದದ್ದು ಕೆಲಸದ ರೂಪದಲ್ಲಿ. ಅನುವಾದ ನನ್ನ ಹೊಟ್ಟೆಪಾಡು. ವಿಮೆಯ ಕರಾರು, ಬ್ಯಾಂಕಿನ ಆಪ್, ಮಿಕ್ಸರಿನ ಕೈಪಿಡಿ, ಏನು ಬಂದರೂ ಕನ್ನಡ ಮಾಡುತ್ತೇನೆ. ಗೃಹಾಲಂಕಾರದ ವಸ್ತು ಮಾರುವ ಆನ್‌ಲೈನ್ ಅಂಗಡಿಯೊಂದು ತನ್ನ ಪುಟಗಳನ್ನು ಕನ್ನಡಕ್ಕೂ ತರಲು ಹೊರಟಾಗ, ‘ರೈಲು ಬೋಗಿಯ ಕಲೆ’ ಎಂಬ ವಿಭಾಗದ ಒಕ್ಕಣೆಗಳು ನನ್ನ ಪಾಲಿಗೆ ಬಂದವು. ಹೆಚ್ಚುಕಡಿಮೆ ಎಲ್ಲ ಚಿತ್ರಗಳ ಕೆಳಗೂ ಒಂದೇ ಅರ್ಥದ ವಾಕ್ಯ: ಪ್ರಯಾಣದ ಸುವರ್ಣಯುಗವನ್ನು ಮತ್ತೆ ಬದುಕಿ.

ನಾನು ಸಿಕ್ಕಿಬಿದ್ದದ್ದು ಆ ‘ಮತ್ತೆ’ಯಲ್ಲಿ. ಪುಟ್ಟ ಪದ, ಆದರೆ ಹೊತ್ತುಕೊಂಡು ಬರುವ ಭಾರ ದೊಡ್ಡದು. ‘ಭಾವ ಮತ್ತೆ ಬಂದರು’ ಎಂದರೆ ಭಾವ ಹಿಂದೊಮ್ಮೆ ಬಂದಿದ್ದರು ಎಂದಾಯಿತು. ‘ಭಾವ ಮತ್ತೆ ಬರಲಿಲ್ಲ’ ಎಂದರೂ ಅಷ್ಟೇ, ಹಿಂದೊಮ್ಮೆ ಬಂದದ್ದು ಉಳಿದೇ ಇರುತ್ತದೆ. ವಾಕ್ಯವನ್ನು ಅಲ್ಲಗಳೆದರೂ ಅಲ್ಲಾಡದೆ ಕೂತಿರುವ ಇಂಥ ಅರ್ಥಕ್ಕೆ ಭಾಷಾವಿಜ್ಞಾನದಲ್ಲಿ ಪೂರ್ವಕಲ್ಪನೆ ಎನ್ನುತ್ತಾರೆ. ಅದು ವಾದ ಮಾಡುವುದಿಲ್ಲ, ಸಾಕ್ಷಿ ಕೊಡುವುದಿಲ್ಲ, ನೀವು ಒಪ್ಪಿದ್ದೀರಿ ಎಂದುಕೊಂಡೇ ಮುಂದೆ ಹೋಗುತ್ತದೆ. ‘ಸುವರ್ಣಯುಗವನ್ನು ಮತ್ತೆ ಬದುಕಿ’ ಎಂಬ ವಾಕ್ಯ ಓದಿದ ಕೂಡಲೆ, ನಾವೋ ನಮ್ಮ ಹಿರಿಯರೋ ಆ ಯುಗದಲ್ಲಿ ಒಮ್ಮೆ ಬದುಕಿದ್ದೆವು ಎಂಬುದು ಇತ್ಯರ್ಥವಾಗಿಬಿಡುತ್ತದೆ. ಇತ್ಯರ್ಥವಾಗುವ ಮುಂಚೆ ಯಾರಾದರೂ ಒಮ್ಮೆ ಕೇಳಬೇಕಲ್ಲವೇ: ನಿಜವಾಗಿ ಬದುಕಿದ್ದೆವಾ?

ಈ ಪದ ಎಲ್ಲಿಂದ ಬಂತು ಎಂದು ಹುಡುಕಿದರೆ ದಾರಿ ಇಂಗ್ಲೆಂಡಿಗೆ ಹೋಗುತ್ತದೆ. ಬೋಗಿಯೊಳಗೆ ಚಿತ್ರ ತೂಗುವ ಪದ್ಧತಿ ಅಲ್ಲಿಯದು. 1884ರಲ್ಲಿ ಗ್ರೇಟ್ ಈಸ್ಟರ್ನ್ ರೈಲ್ವೆ ತನ್ನ ಬೋಗಿಗಳಲ್ಲಿ ಊರುಗಳ ಫೋಟೋಗಳನ್ನು ಚೌಕಟ್ಟು ಹಾಕಿ ಇಟ್ಟಿತು. ಆಗಿನ ಬೋಗಿಗಳು ಇಂದಿನ ಹಾಗೆ ಉದ್ದಕ್ಕೆ ತೆರೆದ ಹಜಾರವಲ್ಲ. ಎದುರುಬದುರು ಎರಡು ಬೆಂಚು, ನಡುವೆ ಮಂಡಿಗೆ ಮಂಡಿ ತಾಗುವಷ್ಟು ಜಾಗ, ಸುತ್ತ ಗೋಡೆ. ಹೀಗೆ ಸಣ್ಣ ಸಣ್ಣ ಕೋಣೆಗಳು. ಕೂತವರ ಬೆನ್ನ ಹಿಂದೆ, ತಲೆಯ ಮೇಲೆ, ಸಾಮಾನಿಡುವ ಬಲೆಯ ಕೆಳಗೆ ಅಡ್ಡಡ್ಡಲಾಗಿ ಒಂದು ಪಟ್ಟಿಯಷ್ಟು ಜಾಗ ಖಾಲಿ ಉಳಿಯುತ್ತಿತ್ತು. ಚಿತ್ರ ಕೂತದ್ದು ಅಲ್ಲಿ. ಎದುರಿಗೆ ಕೂತ ಅಪರಿಚಿತರ ಮುಖವನ್ನೇ ದಿಟ್ಟಿಸಲು ಸಂಕೋಚಪಡುವ ಜನ ಕಣ್ಣನ್ನು ಸ್ವಲ್ಪ ಮೇಲಕ್ಕೆತ್ತಿದರೆ ಚಿತ್ರ ಸಿಗುತ್ತಿತ್ತು.

ಮೊದಲು ಫೋಟೋ, ಆಮೇಲೆ ಕಲಾವಿದರ ಕೆಲಸ. ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆ ತನ್ನ ದಾರಿಯ ಊರುಗಳನ್ನು ಒಳ್ಳೆಯ ಕಲಾವಿದರಿಂದ ಜಲವರ್ಣದಲ್ಲಿ ಬರೆಸಿತು. 1948ರಲ್ಲಿ ಅಲ್ಲಿನ ರೈಲುಗಳು ರಾಷ್ಟ್ರೀಕರಣವಾದ ಮೇಲೂ ಅದು ಮುಂದುವರಿಯಿತು. ಲೆನರ್ಡ್ ಸ್ಕ್ವಿರಲ್‌ನಂಥವರು ಹಳೆ ಸೇತುವೆ, ಚರ್ಚಿನ ಗೋಪುರ, ಬಂದರಿನ ದೋಣಿಗಳನ್ನು ಮೆಲುದನಿಯಲ್ಲಿ ಬರೆದರು. ನಿಲ್ದಾಣದ ಪೋಸ್ಟರ್ ದೂರದಿಂದಲೇ ಕೂಗಿ ಕರೆಯಬೇಕು. ಬೋಗಿಯ ಚಿತ್ರಕ್ಕೆ ಆ ಗಡಿಬಿಡಿ ಇಲ್ಲ. ಟಿಕೇಟು ಕೊಂಡು ಕೂತಾಗಿದೆ, ಇಳಿಯಲು ಇನ್ನೂ ಎರಡು ಗಂಟೆ ಇದೆ. ಆ ಎರಡು ಗಂಟೆಗೆ ಸಂಗಾತಿಯಾಗುವಂಥ ಚಿತ್ರಗಳವು. ಮುಂದೆ ಕೋಣೆಗಳಿದ್ದ ಬೋಗಿಗಳು ಹೋಗಿ ತೆರೆದ ಬೋಗಿಗಳು ಬಂದವು, ದೊಡ್ಡ ಕಿಟಕಿಗಳು ಬಂದವು, ಚಿತ್ರಕ್ಕೆ ಗೋಡೆಯೇ ಇಲ್ಲದಾಯಿತು. ಗುಜರಿಗೆ ಹೋಗುವ ಬೋಗಿಗಳಿಂದ ಬಿಚ್ಚಿಟ್ಟುಕೊಂಡವರ ದಯೆಯಿಂದ ಹಲವು ಚಿತ್ರಗಳು ಉಳಿದವು. ಇಂದು ಅಚ್ಚಾಗುವ ಪ್ರತಿಗಳಿಗೆ ಅವೇ ಮೂಲ.

ಅಲ್ಲಿ ಅವನ್ನು ಕೊಳ್ಳುವವರಲ್ಲಿ ಅಂಥ ಬೋಗಿಯಲ್ಲಿ ಕೂತು ಅಜ್ಜಿಯ ಮನೆಗೆ ಹೋದವರಿದ್ದಾರೆ. ಅವರಿಗೆ ‘ಮತ್ತೆ’ ಎಂಬುದು ಸತ್ಯ. ಅವರ ಗೋಡೆಯ ಮೇಲಿನ ಚಿತ್ರ ಅವರದೇ ಬಾಲ್ಯದ ತುಣುಕು. ಆ ವಾಕ್ಯ ಅವರಿಗಾಗಿ ಹುಟ್ಟಿದ್ದು. ಅದು ಸಮುದ್ರ ದಾಟಿ ನಮ್ಮ ಅಂಗಡಿಗೆ ಬರುವಾಗ ಅದರ ಕರ್ತೃ ಮಾತ್ರ ಬದಲಾಯಿತು, ಕ್ರಿಯಾಪದ ಹಾಗೆಯೇ ಉಳಿಯಿತು.

*

ಅದೇ ಕ್ಯಾಟಲಾಗಿನಲ್ಲಿ ಭಾರತದ ಚಿತ್ರಗಳೂ ಇದ್ದವು, ಆದರೆ ಅವು ಬೋಗಿಯ ಚಿತ್ರಗಳಲ್ಲ, ಪೋಸ್ಟರುಗಳು. ಎರಡನ್ನೂ ಒಂದೇ ಶೀರ್ಷಿಕೆಯ ಕೆಳಗೆ ಸೇರಿಸುವುದು ವ್ಯಾಪಾರಕ್ಕೆ ಅನುಕೂಲ, ಆದರೆ ಹುಟ್ಟು ಬೇರೆ. 1920ರ ದಶಕದಲ್ಲಿ ಭಾರತದ ರೈಲ್ವೆಗಳಿಗೆ ಪ್ರಚಾರ ವಿಭಾಗಗಳು ಹುಟ್ಟಿಕೊಂಡವು. ಲಂಡನ್ನಿನಲ್ಲಿ ಒಂದು ಕಚೇರಿ, ನ್ಯೂಯಾರ್ಕಿನಲ್ಲಿ ಒಂದು ಕಚೇರಿ. ‘ಭಾರತ ನೋಡಿ’ ಎಂದು ಕರೆಯುವ ಪೋಸ್ಟರುಗಳನ್ನು ವಿದೇಶೀ ಕಲಾವಿದರಿಂದ ಬರೆಸಿದರು. ಗ್ರೀಕ್ ಮೂಲದ ಡಬ್ಲ್ಯು. ಎಸ್. ಬಗ್ದಾತೊಪೊಲಸ್ ಅವರಲ್ಲಿ ಒಬ್ಬ. ನೋಡಬೇಕಾದ ಕಣ್ಣು ಹಡಗಿನಲ್ಲಿ ಬರುವ ಪ್ರವಾಸಿಯದು. ನಾವು ಆ ಚಿತ್ರದಲ್ಲಿ ಇದ್ದೇವೆ, ಇಲ್ಲವೆಂದಲ್ಲ: ರುಮಾಲು ಸುತ್ತಿದವರಾಗಿ, ಕೊಡ ಹೊತ್ತವರಾಗಿ, ಆನೆಯ ಪಕ್ಕ ನಡೆಯುವವರಾಗಿ. ರೈಲಿನ ಹೊರಗೆ ನಿಂತವರಾಗಿ.

ಮುಂಬಯಿಯ ಚಿತ್ರವೆಂದರೆ ಅದರಲ್ಲಿ ಕಲ್ಲಿನ ಭವ್ಯ ಕಟ್ಟಡಗಳು ಇರಲೇಬೇಕು. ನಗರದ ಹಳೆಯ ಕಟ್ಟಡಗಳಲ್ಲಿ ಹಲವಕ್ಕೆ ಬಳಸಿದ ಹಳದಿ ಛಾಯೆಯ ಕಲ್ಲಿಗೆ ಇಂದಿಗೂ ಮಲಾಡ್ ಕಲ್ಲು ಎಂದೇ ಹೆಸರು, ನಮ್ಮ ಕಡೆಯ ಗಣಿಗಳಿಂದ ಹೋದದ್ದು. ಕಲ್ಲು ಚಿತ್ರದೊಳಗೆ ಹೋಗಿದೆ. ಕಲ್ಲು ಒಡೆದವರು ಹೋಗಿಲ್ಲ.

ಇಂಥ ಅಲಂಕಾರದ ಅಂಗಡಿಗಳಿಗೆ ಬಹಳ ಪ್ರಿಯವಾದ ರೈಲು ಡೆಕ್ಕನ್ ಕ್ವೀನ್. 1930ರ ಜೂನ್ 1ರಂದು ಮುಂಬಯಿ ಮತ್ತು ಪುಣೆಯ ನಡುವೆ ಅದು ಓಡಲು ಶುರುವಾಯಿತು. ಏಳೇಳು ಬೋಗಿಗಳ ಎರಡು ಗಾಡಿಗಳು: ಒಂದು ಬೆಳ್ಳಿಯ ಬಣ್ಣದ್ದು, ಕೆಂಪು ಪಟ್ಟಿಯದು, ಇನ್ನೊಂದು ಕಡುನೀಲಿ, ಚಿನ್ನದ ಗೆರೆಯದು. ಕಲ್ಪಿಸಿಕೊಂಡರೇ ಕಣ್ಣು ತಂಪಾಗುತ್ತದೆ. ಆ ಗಾಡಿಯಲ್ಲಿ ಇದ್ದದ್ದು ಮೊದಲ ಮತ್ತು ಎರಡನೇ ದರ್ಜೆ ಮಾತ್ರ. ಮೂರನೇ ದರ್ಜೆಯ ಬೋಗಿ ಅದಕ್ಕೆ ಜೋಡಣೆಯಾದದ್ದು 1955ರ ಜೂನ್‌ನಲ್ಲಿ, ಸ್ವಾತಂತ್ರ್ಯ ಬಂದು ಎಂಟು ವರ್ಷ ತುಂಬುವ ಹೊತ್ತಿಗೆ. ಅಂದರೆ ಕಾಲು ಶತಮಾನ ಈ ದೇಶದ ಬಹುಪಾಲು ಪ್ರಯಾಣಿಕರಿಗೆ ಡೆಕ್ಕನ್ ಕ್ವೀನ್ ಎಂಬುದು ಪ್ಲಾಟ್‌ಫಾರ್ಮಿನಿಂದ ನೋಡುವ ಚಿತ್ರವೇ ಆಗಿತ್ತು. ಆ ಅರ್ಥದಲ್ಲಿ ಗೋಡೆಗೆ ಹಾಕಿದ ಚೌಕಟ್ಟು ಇತಿಹಾಸಕ್ಕೆ ನಿಷ್ಠವಾಗಿಯೇ ಇದೆ ಎನ್ನಬೇಕು: ಈಗಲೂ ಹೊರಗಿನಿಂದಲೇ ನೋಡುತ್ತೇವೆ.

ಮೂರನೇ ದರ್ಜೆಯ ಒಳಗೆ ಏನಿತ್ತು? ಇದಕ್ಕೆ ಒಳ್ಳೆಯ ಸಾಕ್ಷಿ ಗಾಂಧೀಜಿಯವರದು. ಮೂರನೇ ದರ್ಜೆಯ ಪ್ರಯಾಣದ ಬಗ್ಗೆ 1917ರಲ್ಲಿ ಅವರು ಬರೆದ ಲೇಖನದಲ್ಲಿ ಮುಂಬಯಿಯಿಂದ ಮದರಾಸಿಗೆ ಮೇಲ್ ಗಾಡಿಯಲ್ಲಿ ಹೋದ ಕಥೆ ಬರುತ್ತದೆ. ಟಿಕೇಟಿಗೆ 13 ರೂಪಾಯಿ 9 ಆಣೆ. ಬೋಗಿಯ ಮೇಲೆ 22 ಜನರಿಗೆ ಎಂದು ಬರೆದಿತ್ತು, ಅದೂ ಕೂರಲು ಮಾತ್ರ. ಕಳೆಯಬೇಕಾದದ್ದು ಎರಡು ರಾತ್ರಿ. ಪುಣೆಯವರೆಗೆ ಆ ಸಂಖ್ಯೆ ಮೀರದಿದ್ದುದಕ್ಕೆ ಕಾರಣ ರೈಲ್ವೆಯ ಶಿಸ್ತಲ್ಲ, ಒಳಗಿದ್ದ ಗಟ್ಟಿಗರು ಬಾಗಿಲಲ್ಲಿ ನಿಂತು ಹೊರಗಿನವರನ್ನು ತಡೆದದ್ದು. ರಾಯಚೂರು ದಾಟಿದ ಮೇಲೆ ಒತ್ತಡ ತಡೆಯಲಾಗಲಿಲ್ಲ. ರೈಲ್ವೆಯ ಸಿಬ್ಬಂದಿ ಬಂದದ್ದು ಇನ್ನಷ್ಟು ಜನರನ್ನು ಒಳಗೆ ತುಂಬಲು ಮಾತ್ರ.

ಪೋಸ್ಟರಿನ ಭಾರತ ಮತ್ತು ಆ ಬೋಗಿಯ ಭಾರತಕ್ಕೆ ನಡುವೆ ಹತ್ತು ಹದಿನೈದು ವರ್ಷಗಳ ಅಂತರವಷ್ಟೇ. ಒಂದರಲ್ಲಿ ತಾಜಮಹಲು, ಇನ್ನೊಂದರಲ್ಲಿ ‘22’ ಎಂಬ ಅಂಕಿ. ಮೂರನೇ ದರ್ಜೆಯ ಪ್ರಯಾಣಿಕರಿಗೆ ರೈಲ್ವೆ ಬರೆಸಿಕೊಟ್ಟ ಭಿತ್ತಿಚಿತ್ರ ಆ ಅಂಕಿಯೇ. ಅದೂ ನಿಜವಾಗಲಿಲ್ಲ. ಮೂರನೇ ದರ್ಜೆ ಎಂಬ ಹೆಸರನ್ನು ತೆಗೆದದ್ದು 1974ರಲ್ಲಿ. ಎರಡನೇ ದರ್ಜೆಯ ಮರದ ಹಲಗೆಗೆ ಎರಡಿಂಚಿನ ಫೋಮ್ ಬಂದದ್ದು ಮಧು ದಂಡವತೆ ರೈಲ್ವೆ ಮಂತ್ರಿಯಾಗಿದ್ದ 1977–79ರ ಅವಧಿಯಲ್ಲಿ. ಸುವರ್ಣಯುಗದ ಬಗ್ಗೆ ಮಾತಾಡುವಾಗ ನಮ್ಮ ಬೆನ್ನನ್ನೂ ಒಂದು ಮಾತು ಕೇಳಬೇಕು.

*

ನಮ್ಮ ಮನೆಯ ಮಟ್ಟಿಗೆ ‘ಮತ್ತೆ’ ಇನ್ನೂ ತಮಾಷೆಯದು. ಅಪ್ಪಯ್ಯ ಕುಂದಾಪುರ ತಾಲೂಕಿನ ಹಳ್ಳಿಯಿಂದ ಮುಂಬಯಿಗೆ ಬಂದದ್ದು 1970ರ ದಶಕದ ಕೊನೆಯಲ್ಲಿ, ಬಸ್ಸಿನಲ್ಲಿ. ಫೋರ್ಟಿನ ಕ್ಯಾಂಟೀನ್ ಒಂದರಲ್ಲಿ ಹಗಲು ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ. ಕ್ಯಾಟಲಾಗಿನ ಚಿತ್ರಗಳನ್ನು ಅವರಿಗೆ ತೋರಿಸಿ, ಇದು ನಿಮ್ಮ ಕಾಲದ್ದಂತೆ ಎಂದೆ. ‘ನಾವ್ ಬಪ್ಪತಿಗೆ ಊರಂಗ್ ರೈಲ್ ಎಲ್ಲಿತ್ತ್ ಮಗಾ?’ ಎಂದು ಕೇಳಿ ಪೇಪರಿಗೆ ಮರಳಿದರು.

ಹೌದು, ಎಲ್ಲಿತ್ತು? ಕರಾವಳಿಯಿಂದ ಮುಂಬಯಿಗೆ ಜನ ಹಡಗಿನಲ್ಲಿ ಬಂದರು, ಬಸ್ಸಿನಲ್ಲಿ ಬಂದರು, ಘಟ್ಟ ಹತ್ತಿ ಹುಬ್ಬಳ್ಳಿಯ ಕಡೆಯಿಂದ ಸುತ್ತಿ ಬಂದರು. ರೋಹಾದಿಂದ ತೋಕೂರಿನವರೆಗಿನ 741 ಕಿಲೋಮೀಟರಿನ ಕೊಂಕಣ ರೈಲ್ವೆ ಇಡಿಯಾಗಿ ಉದ್ಘಾಟನೆಯಾದದ್ದು 1998ರ ಜನವರಿ 26ರಂದು. ಅದಕ್ಕೆ ಜೀವ ಕೊಟ್ಟವರಲ್ಲಿ ಒಬ್ಬರು ಜಾರ್ಜ್ ಫರ್ನಾಂಡಿಸ್: ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯ ಕಾರ್ಮಿಕ ನಾಯಕರಾಗಿ ಬೆಳೆದು, 1974ರ ರೈಲ್ವೆ ಮುಷ್ಕರ ನಡೆಸಿ, ಮುಂದೆ ಅದೇ ರೈಲ್ವೆಯ ಮಂತ್ರಿಯಾದವರು. ಮುಂಬಯಿಯ ಕರಾವಳಿ ಕನ್ನಡಿಗರಿಗೆ, ತುಳುವರಿಗೆ ರೈಲಿನ ನೆನಪು ಶುರುವಾಗುವುದೇ ಆಗ, ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನಿಂದ. ನಮ್ಮ ಹಳೆಯ ರೈಲು ನನಗಿಂತ ಚಿಕ್ಕದು.

ಧಾರವಾಡ, ಬೆಳಗಾವಿ ಕಡೆಯವರದು ಬೇರೆ ಕಥೆ. ಅವರಿಗೆ ರೈಲು ಮೊದಲಿನಿಂದ ಇತ್ತು. ಆದರೆ ಅದು ಮೀಟರ್‌ಗೇಜು, ಮುಂಬಯಿಯದು ಬ್ರಾಡ್‌ಗೇಜು. ದಶಕಗಳ ಕಾಲ ಮೊದಲು ಪುಣೆಯಲ್ಲಿ, ಆಮೇಲೆ ಮೀರಜಿನಲ್ಲಿ ಇಳಿದು, ಟ್ರಂಕು, ಹಾಸಿಗೆ ಸುರುಳಿ, ರೊಟ್ಟಿಯ ಗಂಟು ಎತ್ತಿಕೊಂಡು ಗಾಡಿ ಬದಲಿಸಬೇಕಿತ್ತು. ಆ ಪೀಳಿಗೆಯ ಯಾರನ್ನು ಬೇಕಾದರೂ ಕೇಳಿ, ರೈಲಿನ ನೆನಪು ಎಂದರೆ ಮೊದಲು ಬರುವುದು ಮೀರಜಿನ ಪ್ಲಾಟ್‌ಫಾರ್ಮು. ಅದರ ಜಲವರ್ಣ ಯಾವ ಕ್ಯಾಟಲಾಗಿನಲ್ಲೂ ನನಗೆ ಸಿಗಲಿಲ್ಲ. ಕನ್ನಡದ ಮುಂಬಯಿ ಲೋಕಲು, ಅದರ ನೂಕು, ಅದರ ಒಂಟಿತನ ಎಲ್ಲ ಉಳಿದಿರುವುದು ಮಾತಿನಲ್ಲಿ. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿ ಇವರ ಪುಟಗಳಲ್ಲಿ. ಗೋಡೆಯ ಮೇಲಲ್ಲ.

*

ಇಲ್ಲಿ ಒಂದು ಒಳ್ಳೆಯ ಆಕ್ಷೇಪಣೆ ಇದೆ, ಅದನ್ನು ದಾಟಿ ಹೋಗುವುದು ಸರಿಯಲ್ಲ. ಗೋಡೆಯ ಚಿತ್ರಕ್ಕೆ ವಂಶಾವಳಿ ಯಾಕೆ ಬೇಕು? ನಮ್ಮ ಅಜ್ಜಿಯರ ಮನೆಗಳಲ್ಲಿ, ಉಡುಪಿ ಹೋಟೆಲಿನ ಗಲ್ಲಾದ ಹಿಂದೆ ಕೂತ ಲಕ್ಷ್ಮಿ ಸರಸ್ವತಿಯರು ಎಲ್ಲಿಯವರು? ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಜರ್ಮನ್ ಯಂತ್ರ, ಜರ್ಮನ್ ತಂತ್ರಜ್ಞರನ್ನು ತಂದು ಶಿಲಾಮುದ್ರಣದ ಅಚ್ಚುಕೂಟ ಹಾಕಿದರು. ಮುಂದೆ ಅದು ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು, ಅದೇ ಮುಂಬಯಿ–ಪುಣೆ ರೈಲುದಾರಿಯ ಮೇಲಿನ ಊರು. ಚೌಕಟ್ಟು ಹಾಕಿದ ಅಚ್ಚುಚಿತ್ರ ನಮ್ಮ ಮನೆಗಳಿಗೆ ಬಂದದ್ದು ಹೀಗೆ. ಶೈಲಿ ಯುರೋಪಿನದು, ಯಂತ್ರ ಜರ್ಮನಿಯದು, ಆದರೂ ಇಂದು ಆ ಲಕ್ಷ್ಮಿ ನಮ್ಮವಳಲ್ಲ ಎಂದರೆ ಯಾರೂ ಒಪ್ಪುವುದಿಲ್ಲ. ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬಯಿಯಲ್ಲಿ ಕೂತು ಬರೆದ ಕ್ಯಾಲೆಂಡರಿನ ದೇವರುಗಳಿಗೂ ಇದೇ ಮಾತು. ಹಾಗಾದರೆ ರೈಲ್ವೆ ಪೋಸ್ಟರು ಮಾತ್ರ ಯಾಕೆ ಪರರದ್ದು?

ನನ್ನ ಉತ್ತರ: ರವಿವರ್ಮರ ಲಕ್ಷ್ಮಿ ನಮ್ಮವಳಾದದ್ದು ಕೊಂಡದ್ದರಿಂದಲ್ಲ, ಮುಟ್ಟಿದ್ದರಿಂದ. ಆ ಅಚ್ಚುಚಿತ್ರದ ಸೀರೆಗೆ ಹೆಂಗಸರು ಜರಿಯ ಚೂರು ಅಂಟಿಸಿದರು, ಒಡವೆಯ ಜಾಗದಲ್ಲಿ ಮಿಣುಕು ಹೊಲಿದರು, ಗಾಜಿನ ಮೇಲೆ ಅರಿಸಿನ ಕುಂಕುಮ ಹಚ್ಚಿದರು. ನೂರು ವರ್ಷದ ಶುಕ್ರವಾರಗಳು ಆ ಚೌಕಟ್ಟಿನ ಮೇಲೆ ಕೂತಿವೆ. ಈ ಮುಟ್ಟುವಿಕೆಯಲ್ಲಿ ಚಿತ್ರ ಬದಲಾಯಿತು, ಅರ್ಥ ಬದಲಾಯಿತು. ರೈಲ್ವೆ ಪೋಸ್ಟರಿನ ಪ್ರತಿಗೆ ಇನ್ನೂ ಯಾರೂ ಹಾಗೆ ಏನೂ ಮಾಡಿಲ್ಲ. ಅದು ಅಂಗಡಿಯಿಂದ ಹೇಗೆ ಬಂತೋ ಹಾಗೆಯೇ, ತನ್ನ ಹಳೆಯ ಕಣ್ಣಿನೊಂದಿಗೆ, ಸೋಫಾದ ಮೇಲೆ ನೇತಾಡುತ್ತಿದೆ. ಅದರ ಮೇಲೆ ನಮ್ಮ ಕೈ ಆಡುವವರೆಗೆ ಅದು ನೆನಪಲ್ಲ, ಬಾಡಿಗೆಗೆ ತಂದ ನೆನಪು.

ಬಾಡಿಗೆ ನೆನಪಿನಿಂದ ಏನು ತೊಂದರೆ? ಒಂದೇ ತೊಂದರೆ: ಸ್ವಂತದ್ದು ಕಣ್ಣಿಗೆ ಬೀಳುವುದಿಲ್ಲ. ಪಶ್ಚಿಮ ರೈಲ್ವೆಯ ಲೋಕಲುಗಳಲ್ಲಿ ಹೆಂಗಸರ ಡಬ್ಬಿಯ ಮೇಲೆ ಒಂದು ಚಿತ್ರವಿರುತ್ತಿತ್ತು. ತಲೆಯ ಮೇಲೆ ಸೆರಗು ಹೊದ್ದ ಹೆಣ್ಣಿನ ಮುಖ, ನಾಲ್ಕಾರು ಗೆರೆಗಳಲ್ಲಿ ಬರೆದದ್ದು. ಓದು ಬಾರದ ಹೆಂಗಸರೂ ಓಡುತ್ತ ಬಂದು ಆ ಮುಖ ನೋಡಿ ತಮ್ಮ ಡಬ್ಬಿ ಯಾವುದೆಂದು ತಿಳಿಯುತ್ತಿದ್ದರು. ಚರ್ಚ್‌ಗೇಟಿನಿಂದ ವಿರಾರಿನವರೆಗೆ ಲಕ್ಷಾಂತರ ಹೆಂಗಸರು ದಿನಕ್ಕೆರಡು ಸಲ ನೋಡಿದ ಮುಖ ಅದು. ಕೆಲವು ವರ್ಷಗಳ ಹಿಂದೆ ರೈಲ್ವೆ ಅದನ್ನು ಬದಲಿಸಲು ತೊಡಗಿತು. ಸೆರಗಿನ ಹೆಣ್ಣಿನ ಜಾಗಕ್ಕೆ ಇಂದಿನ ಉಡುಪಿನ ಹೆಣ್ಣು ಬಂದಳು. ಬದಲಾವಣೆಗೆ ನನ್ನ ವಿರೋಧವಿಲ್ಲ, ಡಬ್ಬಿಯೊಳಗಿನ ಹೆಂಗಸರೂ ಬದಲಾಗಿದ್ದಾರೆ. ಆದರೆ ಹಳೆಯ ಮುಖವನ್ನು ಬರೆದವರು ಯಾರು? ಯಾವ ವರ್ಕ್‌ಶಾಪಿನಲ್ಲಿ, ಯಾವ ಅಚ್ಚಿಟ್ಟು ಬಣ್ಣ ಬಳಿದರು? ಇಷ್ಟು ಜನ ನೋಡಿದ ಇನ್ನೊಂದು ಚಿತ್ರವನ್ನು ಈ ನಗರದಲ್ಲಿ ಹುಡುಕುವುದು ಕಷ್ಟ. ನಾನು ಅನುವಾದಿಸಿದ ಕ್ಯಾಟಲಾಗಿನಲ್ಲಿ ಅದು ಇರಲಿಲ್ಲ.

ಅದರ ಜೊತೆಯವೂ ಇವೆ. ಹೆಂಗಸರ ಡಬ್ಬಿಗೆ ಹಸಿರು ಹಳದಿ ಓರೆಪಟ್ಟಿ, ಫಸ್ಟ್ ಕ್ಲಾಸಿಗೆ ಕೆಂಪು ಹಳದಿ ಓರೆಪಟ್ಟಿ. ಈ ನಗರದ ಮಕ್ಕಳು ಅಕ್ಷರಕ್ಕೆ ಮುಂಚೆ ಕಲಿಯುವ ಬಣ್ಣಗಳು ಇವು. ಕಂದು ಹಳದಿ ಬಣ್ಣದ ಹಳೆಯ ಲೋಕಲು, ಅದರ ಕಬ್ಬಿಣದ ಸರಳಿನ ಕಿಟಕಿ, ತ್ರಿಕೋನದ ಹಿಡಿಗಳು. 1925ರಲ್ಲಿ ವಿದ್ಯುತ್ ಗಾಡಿ ಬಂದಾಗಿನಿಂದ ಮುಂಬಯಿಯ ಲೋಕಲು ಓಡಿದ್ದ ಡಿಸಿ ವಿದ್ಯುತ್ತು ಕೊನೆಗೊಂಡದ್ದು 2016ರಲ್ಲಿ. ಅದರೊಂದಿಗೆ ಆ ಹಳೆಯ ಗಾಡಿಗಳೂ ಹೋದವು. ಊರಿನ ಗಾಡಿಗಳ ಬದಿಗೆ ಕೊಕ್ಕೆಯಲ್ಲಿ ಸಿಕ್ಕಿಸುತ್ತಿದ್ದ ತಗಡಿನ ಬೋರ್ಡುಗಳಿದ್ದವು, ಹೊರಡುವ ಊರು, ಸೇರುವ ಊರು ಬರೆದದ್ದು. ಕುರ್ಲಾದ ಟರ್ಮಿನಸ್ಸಿನಲ್ಲಿ ಅಂಥ ಬೋರ್ಡಿನ ಮೇಲೆ ಕನ್ನಡದ ‘ಮಂ’ ಕಂಡರೆ ಸಾಕಿತ್ತು, ಊರು ಅರ್ಧ ಸಿಕ್ಕಿತು ಅನ್ನಿಸುತ್ತಿತ್ತು. ಕೈಯಲ್ಲಿ ಬರೆದ ಆ ಅಕ್ಷರಗಳಲ್ಲಿ ಒಬ್ಬೊಬ್ಬ ಪೇಂಟರನ ಒತ್ತಕ್ಷರ ಒಂದೊಂದು ತರಹ. ಕನ್ನಡ ಬಾರದ ಪೇಂಟರನಾದರೆ ತಲೆಕಟ್ಟು ಎಲ್ಲಿ ನಿಲ್ಲಬೇಕೆಂದು ತಡಕಾಡಿದ್ದೂ ಕಾಣುತ್ತಿತ್ತು. ಈಗ ಅಂಟಿಸುವ ವಿನೈಲು, ಓಡುವ ದೀಪದಕ್ಷರ. ಓದಲು ಸುಲಭ, ನಿಜ. ಕೈ ಮಾತ್ರ ಕಾಣುವುದಿಲ್ಲ.

ಬೋಗಿಯ ಕಲೆ ಎಂದರೆ ನನ್ನ ಪ್ರಕಾರ ಇವೆಲ್ಲ. ಇಂಗ್ಲೆಂಡಿನ ಬೋಗಿಚಿತ್ರಗಳು ಉಳಿದದ್ದು ಯಾರೋ ಗುಜರಿಗೆ ಹೋಗುವ ಮುಂಚೆ ಬಿಚ್ಚಿಟ್ಟುಕೊಂಡದ್ದರಿಂದ ಎಂದೆನಲ್ಲ. ನಮ್ಮಲ್ಲಿ ಬಿಚ್ಚಿಟ್ಟುಕೊಳ್ಳುವ ಹೊತ್ತು ಈಗ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ 1979ರಿಂದ ಇದೆ. ಅಲ್ಲಿ ಮಹಾರಾಣಿಯವರ ಸಲೂನು ಬೋಗಿಯನ್ನು ಜೋಪಾನವಾಗಿ ಇಟ್ಟಿದ್ದಾರೆ, ನೋಡಲು ಹೋಗಲೇಬೇಕಾದ ಬೋಗಿ. ಅದೇ ಜೋಪಾನ ಜನರಲ್ ಬೋಗಿಯ ‘ಕೂರಲು’ ಎಂಬ ಬರಹಕ್ಕೂ ಸಿಗಬೇಕು ಎಂದು ಕೇಳುವುದು ಅತಿಯಾಸೆಯಲ್ಲ. 2008ರಲ್ಲಿ ಶುರುವಾದ ನಮ್ಮದೇ ಗೋಲ್ಡನ್ ಚಾರಿಯಟ್ ಗಾಡಿಯ ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಎಂದು ರಾಜವಂಶಗಳ ಹೆಸರಿಟ್ಟಿದ್ದಾರೆ. ರಾಜರನ್ನು ನೆನೆಯುವುದರಲ್ಲಿ ನಾವು ಯಾವತ್ತೂ ಹಿಂದೆ ಬಿದ್ದಿಲ್ಲ.

*

ಕೊನೆಗೆ ಕೆಲಸದ ಮಾತು. ಆ ಅಂಗಡಿಯ ವಾಕ್ಯವನ್ನು ನಾನು ಎರಡಾಗಿ ಒಡೆದೆ. ಇಂಗ್ಲೆಂಡಿನ ಚಿತ್ರಗಳಿಗೆ: ‘ಬ್ರಿಟಿಷ್ ರೈಲು ಬೋಗಿಗಳಲ್ಲಿ ಪ್ರಯಾಣಿಕರ ತಲೆಯ ಮೇಲೆ ತೂಗುತ್ತಿದ್ದ ಜಲವರ್ಣ.’ ಭಾರತದ ಪೋಸ್ಟರುಗಳಿಗೆ: ‘ವಿದೇಶಿ ಪ್ರವಾಸಿಗಳನ್ನು ಕರೆಯಲು ರೈಲ್ವೆ ಬರೆಸಿದ ಭಾರತ.’ ಅಂಗಡಿಯ ಕಡೆಯ ಹುಡುಗಿ ಫೋನ್ ಮಾಡಿ, ‘ಇದರಲ್ಲಿ ಭಾವನೆ ಸ್ವಲ್ಪ ಕಡಿಮೆ ಆಯ್ತಲ್ವಾ?’ ಎಂದಳು. ಭಾವನೆ ಕೊಳ್ಳುವವರು ತರುತ್ತಾರೆ, ನಾವು ಮಾಹಿತಿ ಕೊಡೋಣ ಎಂದೆ. ಎರಡು ದಿನ ಬಿಟ್ಟು ಒಪ್ಪಿಗೆ ಬಂತು. ಇಂಗ್ಲಿಷ್ ಪುಟದಲ್ಲಿ ಹಳೆಯ ವಾಕ್ಯ ಹಾಗೆಯೇ ಇದೆ.

ಇಂಥ ಚಿತ್ರ ಕೊಳ್ಳುವ ಮನಸ್ಸಿರುವವರಿಗೆ ಎರಡು ಮಾತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸರ್ಕಾರಿ ಕೃತಿಗಳ ಹಕ್ಕು ಪ್ರಕಟಣೆಯಾಗಿ 60 ವರ್ಷಕ್ಕೆ ಮುಗಿಯುತ್ತದೆ. 1930ರ ದಶಕದಲ್ಲಿ ಸರ್ಕಾರಿ ರೈಲ್ವೆ ಇಲಾಖೆ ಪ್ರಕಟಿಸಿದ ಪೋಸ್ಟರುಗಳ ಮಟ್ಟಿಗೆ ಇಲ್ಲಿ ಆ ಗಡುವು ಕಳೆದು ದಶಕಗಳಾಗಿವೆ. ಅದಕ್ಕೇ ಇಷ್ಟೊಂದು ಅಂಗಡಿಗಳು. ಅಂತರ್ಜಾಲದ ಸಣ್ಣ ಚಿತ್ರವನ್ನು ಹಿಗ್ಗಿಸಿ ಮಾರುವವರೂ ಇದ್ದಾರೆ. ಅಕ್ಷರದ ಅಂಚು ನೋಡಿ, ಮಸುಕಾಗಿದ್ದರೆ ಬಿಡಿ. ಕಲಾವಿದನ ಹೆಸರು ಹಾಕಿದ್ದಾರಾ ನೋಡಿ, ಹಾಕದಿದ್ದರೆ ಕೇಳಿ. ಮುಂಬಯಿಯ ಮಳೆಗಾಲದಲ್ಲಿ ಹೊರಗೋಡೆಗೆ ಆನಿಸಿದ ಚೌಕಟ್ಟಿನೊಳಗೆ ಬೂಷ್ಟು ಹಿಡಿಯುವುದು ಖಂಡಿತ. ಒಳಗೋಡೆಗೆ ಹಾಕಿ, ಹಿಂದೆ ಗಾಳಿಯಾಡಲು ಬೆರಳಷ್ಟು ಜಾಗ ಬಿಡಿ.

ಎರಡನೆಯದು ಹೆಚ್ಚು ಮುಖ್ಯ. ಒಂದು ಕೊಂಡರೆ ಇನ್ನೊಂದು ನೀವೇ ಮಾಡಿಸಿ. ಮೊಬೈಲಿನಲ್ಲಿ ತೆಗೆದ ಫೋಟೋ ಸಾಕು. ನಿಮ್ಮೂರಿನ ನಿಲ್ದಾಣದ ಹಳದಿ ಹಲಗೆ, ಎಲ್ಲೋ ಉಳಿದಿರುವ ಸೆರಗಿನ ಮುಖ, ಪೇಂಟರನ ಕೈಯ ಒಂದು ಕನ್ನಡ ಅಕ್ಷರ, ಅಪ್ಪ ಅಮ್ಮ ಇಟ್ಟುಕೊಂಡಿದ್ದರೆ ದಪ್ಪ ರಟ್ಟಿನ ಹಳೆಯ ಟಿಕೇಟು. ಮಲಾಡ್ ಸ್ಟೇಷನ್ನಿನ ಹತ್ತಿರದ ಯಾವ ಕಟ್ಟುಹಾಕುವವರ ಬಳಿ ಕೊಟ್ಟರೂ ಸಂಜೆಗೆ ಚೌಕಟ್ಟು ಸಿದ್ಧ. ಆಮೇಲೆ ಚೌಕಟ್ಟನ್ನು ತಿರುಗಿಸಿ ಬೆನ್ನಿನ ಮೇಲೆ ಬರೆಯಿರಿ: ನಿಮ್ಮ ಮನೆಯವರಲ್ಲಿ ಈ ಊರಿಗೆ ಮೊದಲು ಬಂದವರು ಯಾರು, ಯಾವ ವರ್ಷ, ಯಾವ ಗಾಡಿಯಲ್ಲಿ, ಯಾವ ದರ್ಜೆಯಲ್ಲಿ, ಎಲ್ಲಿ ಇಳಿದು ಬದಲಿಸಿದರು. ಬಸ್ಸಿನಲ್ಲಿ ಬಂದಿದ್ದರೆ ಬಸ್ಸು ಎಂದೇ ಬರೆಯಿರಿ. ಮದುವೆಗೆ ಕೊಟ್ಟ ಸ್ಟೀಲ್ ಪಾತ್ರೆಗೂ ಹೆಸರು, ತಾರೀಕು ಕೊರೆಸುವ ಜನ ನಾವು, ನಾಲ್ಕು ಸಾಲು ಬರೆಯುವುದು ದೊಡ್ಡ ಕೆಲಸವಲ್ಲ. ಅಂಗಡಿಯಿಂದ ತಂದ ತಾಜಮಹಲಿನ ಬೆನ್ನಿಗೂ ಬರೆಯಬಹುದು, ಅಲ್ಲಿ ಜಾಗ ಖಾಲಿಯೇ ಇರುತ್ತದೆ. ಕೇಳಬೇಕಾದ ಹಿರಿಯರು ಇನ್ನೂ ಮನೆಯಲ್ಲಿದ್ದರೆ ಈ ಭಾನುವಾರವೇ ಕೇಳಿ.